ಓಡಿಹೋಗುವ ಮೊದಲು ಅರ್ಜಿ ಹಾಕಿ: ರಾಕಿ ಬೆಟ್ಟದ ಮಡಿಲಲ್ಲಿ ಇಬ್ಬರೇ ಮದುವೆಯಾಗುವುದು ಹೇಗೆ?

‘ಓಡಿಹೋಗಿ ಮದುವೆಯಾದರಂತೆ’ ಅಂದರೆ ನಮ್ಮ ಕಡೆ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ರಾತ್ರಿ ಬಸ್ಸು, ಗುರುತಿಲ್ಲದ ಊರಿನ ದೇವಸ್ಥಾನ, ಎರವಲು ತಂದ ತಾಳಿ, ಬೆಳಿಗ್ಗೆ ಪೊಲೀಸ್ ಠಾಣೆಯ ಮುಂದೆ ಎರಡೂ ಮನೆಯವರ ಗಲಾಟೆ. ಅಮೆರಿಕದಲ್ಲಿ ‘ಎಲೋಪ್’ ಅನ್ನುವ ಮಾತಿಗೂ ಹಿಂದೆ ಇದೇ ಅರ್ಥವಿತ್ತು. ಈಗ ಅಲ್ಲಿ ಓಡಿಹೋಗುವವರು ಮನೆಯವರಿಗೆ ಹೇಳಿಯೇ ಹೋಗುತ್ತಾರೆ. ಕೆಲವರು ಅಪ್ಪ ಅಮ್ಮನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಓಡಿಹೋಗುತ್ತಾರೆ! ಅವರು ಬಿಟ್ಟು ಓಡುವುದು ಮನೆಯನ್ನಲ್ಲ, ಛತ್ರವನ್ನು. ಊಟದ ಲೆಕ್ಕ, ಕರೆಯೋಲೆ, ಯಾರನ್ನು ಕರೆದೆವು ಯಾರನ್ನು ಬಿಟ್ಟೆವು ಎಂಬ ತಲೆನೋವು, ಇದೆಲ್ಲ ಬೇಡ ಅಂತ ಬೆಟ್ಟದ ಕಡೆ ಹೊರಡುತ್ತಾರೆ.

ಹಾಗೆ ಹೊರಡುವವರಿಗೆ ತುಂಬ ಇಷ್ಟದ ಜಾಗಗಳಲ್ಲಿ ಒಂದು ಕೊಲರಾಡೊ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. 1915ರ ಜನವರಿಯಲ್ಲಿ ಶುರುವಾದ ಉದ್ಯಾನ ಇದು. ಡೆನ್ವರ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡು ಗಂಟೆಯೊಳಗೆ ಉದ್ಯಾನದ ಬಾಗಿಲಲ್ಲಿರುವ ಎಸ್ಟೆಸ್ ಪಾರ್ಕ್ ಎಂಬ ಊರು ಸಿಗುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹುಡುಗ ಹುಡುಗಿಯರೂ ಈಚೆಗೆ ಇದರ ಬಗ್ಗೆ ವಿಚಾರಿಸುತ್ತಾರೆ. ಊರಲ್ಲಿ ದೊಡ್ಡ ಮದುವೆ ಆಮೇಲೆ ಇದ್ದೇ ಇರುತ್ತದೆ, ಅದಕ್ಕೆ ಮೊದಲು ನಮ್ಮದೇ ಒಂದು ಬೆಳಗು ಇರಲಿ ಅಂತ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಬ್ಯಾಗು ಹೆಗಲಿಗೇರಿಸಿ ಹೋಗಿ ಮಾಡುವ ಕೆಲಸ ಇದಲ್ಲ. ಈ ಓಡಿಹೋಗುವಿಕೆಗೆ ಸರ್ಕಾರದ ಎರಡು ಬೇರೆ ಬೇರೆ ಕಾಗದ ಬೇಕು. ಒಂದನ್ನು ರಾಜ್ಯದ ಕಾನೂನಿನಂತೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿ ಕೊಡುತ್ತದೆ, ಇನ್ನೊಂದನ್ನು ಉದ್ಯಾನ ಕೊಡುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಅಂತ ತಿಳಿದವರೇ ಜಾಸ್ತಿ ಎಡವುವುದು.

ಮೊದಲು ತಿಂಗಳು ಗೊತ್ತುಮಾಡಿ, ಆಮೇಲೆ ಮುಹೂರ್ತ

ಪಂಚಾಂಗಕ್ಕಿಂತ ಇಲ್ಲಿ ಹವಾಮಾನ ದೊಡ್ಡದು. ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನ ದಾಟುತ್ತಿದ್ದಂತೆ ಮೋಡ ಕಟ್ಟಿ ಗುಡುಗು ಸಿಡಿಲು ಶುರು. ಬಯಲಿನಲ್ಲಿ, ಎತ್ತರದಲ್ಲಿ ನಿಂತವರಿಗೆ ಇದು ತಮಾಷೆಯ ಮಾತಲ್ಲ. ಹಾಗಾಗಿ ಬೇಸಿಗೆಯ ಮದುವೆಗೆ ಸೂರ್ಯೋದಯದ ಹೊತ್ತೇ ಒಳ್ಳೆಯದು. ಜನವೂ ಕಡಿಮೆ, ಗಾಳಿಯೂ ಕಡಿಮೆ. ನಮ್ಮ ಬ್ರಾಹ್ಮೀ ಮುಹೂರ್ತ ಅಲ್ಲಿ ಹವಾಮಾನದ ಲೆಕ್ಕದಲ್ಲೇ ಸರಿಹೊಂದುತ್ತದೆ ನೋಡಿ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ. ಆಸ್ಪೆನ್ ಮರಗಳ ಎಲೆಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿರುತ್ತವೆ. ಎಲ್ಕ್ ಎಂಬ ದೊಡ್ಡ ಕಡವೆಯಂಥ ಪ್ರಾಣಿಗಳ ಕೂಡುವ ಕಾಲವೂ ಅದೇ. ಗಂಡು ಎಲ್ಕ್ ಕೂಗಿದರೆ ಕಣಿವೆಯೆಲ್ಲ ಪೀಪಿ ಊದಿದಂತೆ ಕೇಳುತ್ತದೆ. ವಾಲಗದವರನ್ನು ಕರೆಸಿಲ್ಲ ಎಂಬ ಕೊರತೆ ಉಳಿಯುವುದಿಲ್ಲ. ಆದರೆ ಆ ದಿನಗಳಲ್ಲಿ ಅವಕ್ಕೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎಲ್ಕ್‌ನಿಂದ ಕನಿಷ್ಠ 75 ಅಡಿ, ಕರಡಿ ಮತ್ತು ಮೂಸ್ ಎಂಬ ಭಾರಿ ಜಿಂಕೆಯಿಂದ 120 ಅಡಿ ದೂರ ಇರಬೇಕೆಂಬುದು ಉದ್ಯಾನದ ನಿಯಮ. ಫೋಟೊ ಚೆನ್ನಾಗಿ ಬರುತ್ತದೆ ಅಂತ ಹತ್ತಿರ ಹೋಗಬೇಡಿ.

ಚಳಿಗಾಲದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟಿ ಬಿಳಿ ಹಾಸಿನಂತಿರುತ್ತವೆ. ನೋಡಲು ಸೊಗಸು, ನಿಲ್ಲಲು ಕಷ್ಟ. ಉದ್ಯಾನದ ಬೆಟ್ಟಗಳ ಮೇಲೆ ಹಾಯುವ ಟ್ರೇಲ್ ರಿಡ್ಜ್ ರಸ್ತೆ ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ಪೂರ್ತಿ ತೆರೆದಿರುತ್ತದೆ. ಅದರ ತುತ್ತತುದಿ 12,183 ಅಡಿ ಎತ್ತರದಲ್ಲಿದೆ. ಅಲ್ಲಿಯ ಫೋಟೊ ಬೇಕೆಂದಿದ್ದರೆ ಜನವರಿಯಲ್ಲಿ ಟಿಕೆಟ್ ಮಾಡಿಸಬೇಡಿ.

ಉದ್ಯಾನದ ಪರವಾನಗಿ: ಇಬ್ಬರೇ ಇದ್ದರೂ ಬೇಕು

‘ನಾವಿಬ್ಬರೇ ತಾನೆ, ಕೆರೆ ದಂಡೆಯಲ್ಲಿ ಐದು ನಿಮಿಷ ನಿಂತು ಉಂಗುರ ಬದಲಾಯಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ?’ ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ನಿಯಮ ಸ್ಪಷ್ಟವಾಗಿದೆ. ಜನ ಎಷ್ಟೇ ಇರಲಿ, ಮದುವೆ ಅಂದಮೇಲೆ ವಿಶೇಷ ಬಳಕೆಯ ಪರವಾನಗಿ ಬೇಕು. ಶುಲ್ಕ 300 ಡಾಲರ್ ಆಸುಪಾಸು. ಅರ್ಜಿ ತಿರಸ್ಕಾರವಾದರೂ, ನೀವೇ ಮನಸ್ಸು ಬದಲಾಯಿಸಿದರೂ ಆ ಹಣದ ಆಸೆ ಬಿಡಿ. ತಿಂಗಳಿಗೆ ಇಷ್ಟೇ ಮದುವೆ ಅಂತ ಮಿತಿ ಇರುವುದರಿಂದ ಬೇಸಿಗೆ ಮತ್ತು ಸೆಪ್ಟೆಂಬರ್‌ನ ದಿನಗಳು ಬೇಗ ಮುಗಿದುಹೋಗುತ್ತವೆ. ಒಳ್ಳೆಯ ಛತ್ರ ಹಿಡಿಯುವಷ್ಟೇ ಪೈಪೋಟಿ. ಎಂಟು ಹತ್ತು ತಿಂಗಳು ಮೊದಲೇ ಅರ್ಜಿ ಹಾಕುವವರು ಜಾಣರು.

ಇಷ್ಟ ಬಂದ ಬಂಡೆಯ ಮೇಲೆ ನಿಲ್ಲುವ ಹಾಗೂ ಇಲ್ಲ. ಉದ್ಯಾನದವರು ಮದುವೆಗೆಂದೇ ಕೆಲವು ಜಾಗ ಗುರುತು ಮಾಡಿದ್ದಾರೆ. ಸ್ಪ್ರೇಗ್ ಲೇಕ್, ಲಿಲಿ ಲೇಕ್, ತ್ರೀ ಎಂ ಕರ್ವ್, ಹಿಡನ್ ವ್ಯಾಲಿ, ಮೊರೇನ್ ಪಾರ್ಕ್‌ನ ಬಯಲು ರಂಗಮಂದಿರ, ಹೀಗೆ. ಒಂದೊಂದು ಜಾಗಕ್ಕೂ ಇಷ್ಟೇ ತಲೆ ಅಂತ ಲೆಕ್ಕ. ಕೆಲವು ಕಡೆ ಹತ್ತು ಹದಿನೈದು ಜನ, ದೊಡ್ಡ ಜಾಗ ಅಂದರೂ ಮೂವತ್ತರ ಸುತ್ತಮುತ್ತ. ಫೋಟೊಗ್ರಾಫರ್ ಕೂಡ ಆ ಲೆಕ್ಕದಲ್ಲೇ ಬರುತ್ತಾರೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೇರೆ ಯೋಚನೆ ಬೇಡ, ಸ್ಪ್ರೇಗ್ ಲೇಕ್ ಆರಿಸಿಕೊಳ್ಳಿ. ಕೆರೆಯ ಸುತ್ತ ಸುಮಾರು ಅರ್ಧ ಮೈಲಿಯ ಸಮತಟ್ಟಾದ ದಾರಿ ಇದೆ, ಗಾಲಿಕುರ್ಚಿಯೂ ಹೋಗುತ್ತದೆ. ಎದುರಿಗೆ ಹಿಮ ಹೊತ್ತ ಬೆಟ್ಟದ ಸಾಲು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಹುಟ್ಟಾ ಕೆರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಉದ್ಯಾನ ಆಗುವ ಮೊದಲಿನಿಂದಲೂ ಅಲ್ಲಿ ವಸತಿಗೃಹ ನಡೆಸುತ್ತಿದ್ದ ಆಬ್ನರ್ ಸ್ಪ್ರೇಗ್ ಎಂಬಾತ ತನ್ನ ಅತಿಥಿಗಳು ಮೀನು ಹಿಡಿಯಲಿ ಅಂತ ತೊರೆಗೆ ಒಡ್ಡು ಕಟ್ಟಿ ಮಾಡಿಸಿದ್ದು ಅದು. ತ್ರೀ ಎಂ ಕರ್ವ್ ಅಂದರೆ ರಸ್ತೆ ತಿರುವಿನ ಪಕ್ಕದ ಬಂಡೆ. ಅಲ್ಲಿಂದ 14,259 ಅಡಿಯ ಲಾಂಗ್ಸ್ ಪೀಕ್ ಚೆನ್ನಾಗಿ ಕಾಣುತ್ತದೆ. ನೋಟ ಅದ್ಭುತ, ಜೊತೆಗೆ ಕಾರುಗಳ ಸದ್ದೂ ಇರುತ್ತದೆ.

ಈಚಿನ ವರ್ಷಗಳಲ್ಲಿ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಉದ್ಯಾನದ ಒಳಗೆ ಹೋಗಲು ಹೊತ್ತು ಕಾಯ್ದಿರಿಸಬೇಕಾಗಿದೆ. ನಿಮ್ಮ ಪರವಾನಗಿಯ ಪತ್ರದಲ್ಲೇ ಅದರ ವಿವರ ಇರುತ್ತದೆ, ಪೂರ್ತಿ ಓದಿ. ಪ್ರವೇಶ ಶುಲ್ಕ ಬೇರೆ. ಊರಿನಿಂದ ಅಪ್ಪ ಅಮ್ಮ ಬರುವುದಾದರೆ ಇದನ್ನು ಗಮನಿಸಿ: 2026ರ ಜನವರಿಯಿಂದ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲ್ಪಟ್ಟವರಿಗೆ ಈ ಉದ್ಯಾನವೂ ಸೇರಿ 11 ರಾಷ್ಟ್ರೀಯ ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಇದೆ. ವಾರ್ಷಿಕ ಪಾಸ್ ತೆಗೆದುಕೊಂಡರೆ ಕಡಿಮೆ ಬೀಳುತ್ತದೆಯೇ ಅಂತ ಲೆಕ್ಕ ಹಾಕಿ ನೋಡಿ.

ಮದುವೆ ಲೈಸೆನ್ಸ್: ಪುರೋಹಿತರೂ ಬೇಡ, ಸಾಕ್ಷಿಯೂ ಬೇಡ

ಕೊಲರಾಡೊ ಇಷ್ಟು ಜನಪ್ರಿಯವಾಗಲು ನಿಜವಾದ ಕಾರಣ ಬೆಟ್ಟವಲ್ಲ, ಅಲ್ಲಿನ ಕಾನೂನು. ಅಲ್ಲಿ ಜೋಡಿಯೇ ತಮ್ಮ ಮದುವೆಯನ್ನು ತಾವೇ ನಡೆಸಿಕೊಳ್ಳಬಹುದು. ಪಾದ್ರಿ, ಪುರೋಹಿತ, ನ್ಯಾಯಾಧೀಶ ಯಾರೂ ಬೇಕಿಲ್ಲ. ಸಾಕ್ಷಿಯೂ ಬೇಡ. ನಮ್ಮ ಗಾಂಧರ್ವ ವಿವಾಹ ಅಂದರೆ ಇದೇ ಅಲ್ವಾ? ವ್ಯತ್ಯಾಸ ಇಷ್ಟೇ: ಶಕುಂತಲೆಯ ಕೈಯಲ್ಲಿ ಉಂಗುರ ಮಾತ್ರ ಇತ್ತು, ಇವರ ಕೈಯಲ್ಲಿ ಕೌಂಟಿ ಕಚೇರಿಯ ಕಾಗದ ಇರುತ್ತದೆ.

ನಮ್ಮಲ್ಲಿ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಲು 30 ದಿನದ ನೋಟಿಸ್ ಬೇಕು, ಮೂವರು ಸಾಕ್ಷಿಗಳು ಬೇಕು. ಅಲ್ಲಿ ಕಾಯುವ ಅವಧಿಯೇ ಇಲ್ಲ. ಆ ರಾಜ್ಯದಲ್ಲಿ ವಾಸವಿರಬೇಕೆಂದೂ ಇಲ್ಲ. ಕೊಲರಾಡೊದ ಯಾವುದೇ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ 30 ಡಾಲರ್ ಕಟ್ಟಿ, ಪಾಸ್‌ಪೋರ್ಟ್ ತೋರಿಸಿ ಲೈಸೆನ್ಸ್ ಪಡೆಯಬಹುದು. ಎಸ್ಟೆಸ್ ಪಾರ್ಕ್ ಸೇರುವುದು ಲ್ಯಾರಿಮರ್ ಕೌಂಟಿಗೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿಟ್ಟುಕೊಂಡು, ಹೋಗುವ ಮೊದಲು ಕಚೇರಿಯ ವೇಳೆ ನೋಡಿಕೊಳ್ಳಿ. ಶನಿವಾರ ಭಾನುವಾರ ಮದುವೆ ಇಟ್ಟುಕೊಂಡವರು ಗುರುವಾರವೇ ಈ ಕೆಲಸ ಮುಗಿಸಿದರೆ ಎದೆಬಡಿತ ಕಡಿಮೆ. ಹಿಂದೆ ಮದುವೆಯಾಗಿದ್ದರೆ ಅದು ಕೊನೆಯಾದ ದಿನಾಂಕ, ಊರು ನೆನಪಿರಲಿ, ಕೇಳುತ್ತಾರೆ.

ನಮ್ಮವರಿಗೆ ಇಲ್ಲೊಂದು ದೊಡ್ಡ ಹಳ್ಳ ಇದೆ: ಹೆಸರು. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಹಿಗ್ಗಿ ಬೇರೆ ರೂಪ ತಾಳಿರುತ್ತದೆ. ಕೆಲವರಿಗೆ ಸರ್‌ನೇಮ್ ಇರುವ ಜಾಗವೇ ಖಾಲಿ. ಲೈಸೆನ್ಸ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಅಕ್ಷರ ಅಕ್ಷರ ಬರೆಸಿ. ಕೌಂಟರ್ ಬಿಡುವ ಮೊದಲು ಇಬ್ಬರೂ ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ತಿದ್ದಿಸಲು ಹೊರಟರೆ ವೀಸಾ, ಬ್ಯಾಂಕು, ಪಾಸ್‌ಪೋರ್ಟ್ ಎಲ್ಲ ಕಡೆ ಅಲೆದಾಟ.

ಲೈಸೆನ್ಸ್ ಕೈಗೆ ಬಂದ ಮೇಲೆ 35 ದಿನದೊಳಗೆ, ಕೊಲರಾಡೊ ರಾಜ್ಯದೊಳಗೇ ಮದುವೆ ಆಗಬೇಕು. ಇಬ್ಬರು ಹೆಣ್ಣುಮಕ್ಕಳಾದರೂ, ಇಬ್ಬರು ಗಂಡುಮಕ್ಕಳಾದರೂ ಇದೇ ದಾರಿ, ಇದೇ ಶುಲ್ಕ. ಭಾರತದಲ್ಲಿ ಆ ಮದುವೆಗೆ ಕಾನೂನಿನ ಮಾನ್ಯತೆ ಇನ್ನೂ ಇಲ್ಲ ಎಂಬುದು ಗೊತ್ತಿರಲಿ.

ಅಕ್ಷತೆ ಇಲ್ಲ, ಅಗ್ನಿ ಇಲ್ಲ

ಇಲ್ಲಿ ನಮ್ಮವರು ಮುಖ ಸಣ್ಣ ಮಾಡುತ್ತಾರೆ. ಅಕ್ಕಿ ಎರಚುವಂತಿಲ್ಲ. ಅರಿಶಿನ ಹಚ್ಚಿದರೂ ಅಕ್ಕಿ ಅಕ್ಕಿಯೇ. ಹೂವಿನ ಎಸಳು, ಬಣ್ಣದ ಕಾಗದದ ಚೂರು, ಹಕ್ಕಿಗೆ ಹಾಕುವ ಕಾಳು ಯಾವುದೂ ನೆಲಕ್ಕೆ ಬೀಳಬಾರದು. ಬಲೂನು ಬೇಡ, ಪಾರಿವಾಳ, ಚಿಟ್ಟೆ ಬಿಡುವುದೂ ಬೇಡ. ಕಾಡಿನ ಪ್ರಾಣಿಗಳು ಮನುಷ್ಯರ ತಿನಿಸಿಗೆ ಒಗ್ಗಿಕೊಂಡರೆ ಅವಕ್ಕೇ ಅಪಾಯ. ಹೊರಗಿನ ಬೀಜ ಮೊಳೆತರೆ ಅಲ್ಲಿನ ಗಿಡಗಳಿಗೆ ತೊಂದರೆ. ಕಾರಣ ತಿಳಿದ ಮೇಲೆ ನನಗಂತೂ ಬೇಜಾರಾಗಲಿಲ್ಲ.

ಬೆಂಕಿಯೂ ಅಷ್ಟೆ. ಕ್ಯಾಂಪ್‌ಗ್ರೌಂಡ್‌ನಂಥ ಕಡೆ ಗೊತ್ತುಪಡಿಸಿದ ಒಲೆಗಳಲ್ಲಿ ಬಿಟ್ಟರೆ ಎಲ್ಲೂ ಬೆಂಕಿ ಹಚ್ಚುವಂತಿಲ್ಲ. 2020ರಲ್ಲಿ ಕಾಡ್ಗಿಚ್ಚು ಈ ಉದ್ಯಾನದ ದೊಡ್ಡ ಭಾಗವನ್ನೇ ಸುಟ್ಟಿತ್ತು. ಹಾಗಾಗಿ ಹೋಮ, ಅಗ್ನಿಸಾಕ್ಷಿ, ಸಪ್ತಪದಿಯನ್ನು ಊರಿನ ಮದುವೆಗೆ ಇಟ್ಟುಕೊಳ್ಳಿ. ತಾಳಿ ಕಟ್ಟಲು, ಹಾರ ಬದಲಾಯಿಸಲು ಅಡ್ಡಿಯಿಲ್ಲ. ಹಾರವನ್ನು ಮಾತ್ರ ಒಂದೆಸಳೂ ಬಿಡದೆ ವಾಪಸ್ ತನ್ನಿ. ಮಲ್ಲಿಗೆಗಿಂತ ಬಟ್ಟೆಯ ಹಾರವೋ ಏಲಕ್ಕಿ ಹಾರವೋ ವಾಸಿ. ಡ್ರೋನ್ ಹಾರಿಸುವುದನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಲ್ಲೇ ನಿಷೇಧಿಸಿದ್ದಾರೆ. ನಿಮ್ಮ ಫೋಟೊಗ್ರಾಫರ್ ‘ಒಂದೇ ಒಂದು ಶಾಟ್’ ಅಂದರೆ ಬೇಡ ಅನ್ನಿ.

ನಾಯಿ ಸಾಕಿದವರಿಗೊಂದು ಮಾತು. ಸಾಕ್ಷಿಯ ಸಹಿ ಕಡ್ಡಾಯವಿಲ್ಲದ್ದರಿಂದ ಅಲ್ಲಿ ಕೆಲವರು ಲೈಸೆನ್ಸ್ ಮೇಲೆ ತಮ್ಮ ನಾಯಿಯ ಪಾದದ ಗುರುತು ಒತ್ತಿಸುತ್ತಾರೆ. ಆದರೆ ಈ ಉದ್ಯಾನದ ಕಾಲುದಾರಿಗಳಿಗೆ ನಾಯಿಯನ್ನು ಬಿಡುವುದಿಲ್ಲ. ಸಾಕ್ಷಿದಾರ ಪಾರ್ಕಿಂಗ್ ಜಾಗದಲ್ಲೇ ಕಾಯಬೇಕು.

ರೇಷ್ಮೆ ಸೀರೆಯ ಕೆಳಗೆ ಬೂಟು

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಎಸ್ಟೆಸ್ ಪಾರ್ಕ್ ಊರೇ 7,500 ಅಡಿ ದಾಟಿದೆ. ಸ್ಪ್ರೇಗ್ ಲೇಕ್ ಅದಕ್ಕಿಂತ ಸಾವಿರ ಅಡಿಗೂ ಮೇಲೆ. ಬೆಂಗಳೂರಿನಿಂದ ಇಳಿದು ಮರುದಿನವೇ ಅಲ್ಲಿಗೆ ಹತ್ತಿದರೆ ತಲೆನೋವು, ವಾಕರಿಕೆ, ಏದುಸಿರು ಸಾಮಾನ್ಯ. ಒಂದೆರಡು ದಿನ ಡೆನ್ವರ್‌ನಲ್ಲಿದ್ದು, ಒಂದು ರಾತ್ರಿ ಎಸ್ಟೆಸ್ ಪಾರ್ಕ್‌ನಲ್ಲಿ ಮಲಗಿ ಆಮೇಲೆ ಮೇಲೆ ಹೋಗಿ. ನೀರು ಜಾಸ್ತಿ ಕುಡಿಯಿರಿ. ಮದ್ಯ ಅಲ್ಲಿ ಬೇಗ ತಲೆಗೇರುತ್ತದೆ, ಆಚರಣೆ ಕೆಳಗಿಳಿದ ಮೇಲೆ ಇರಲಿ. ಹೃದಯ ಅಥವಾ ಶ್ವಾಸದ ತೊಂದರೆ ಇರುವ ಹಿರಿಯರು ಮೊದಲೇ ಡಾಕ್ಟರನ್ನು ಕೇಳಲಿ.

ಸೀರೆ ಉಡುವವರು ಒಳಗೆ ಬೆಚ್ಚನೆಯ ಒಳಉಡುಪು, ಕಾಲಿಗೆ ಹಿಡಿತವಿರುವ ಬೂಟು ಹಾಕಿ. ಫೋಟೊದಲ್ಲಿ ಯಾರಿಗೂ ಕಾಣುವುದಿಲ್ಲ. ಸೆರಗಿಗೆ ಪಿನ್ನು ಎರಡು ಹೆಚ್ಚೇ ಹಾಕಿ, ಅಲ್ಲಿನ ಗಾಳಿಗೆ ರೇಷ್ಮೆಯ ಭಾರವೂ ಲೆಕ್ಕಕ್ಕಿಲ್ಲ. ಜೂನ್‌ನಲ್ಲೂ ಸೂರ್ಯ ಏಳುವ ಹೊತ್ತಿಗೆ ಕೈ ಮರಗಟ್ಟುವಷ್ಟು ಚಳಿ, ಎರಡು ಗಂಟೆ ಕಳೆದರೆ ಮೂಗು ಸುಡುವ ಬಿಸಿಲು. ಜಾಕೆಟ್ಟೂ ಬೇಕು, ಸನ್‌ಸ್ಕ್ರೀನೂ ಬೇಕು. ಮೇಲೆ ಮರವೇ ಬೆಳೆಯದ ಟಂಡ್ರಾ ಬಯಲಿಗೆ ಫೋಟೊಗೆ ಹೋದರೆ ದಾರಿ ಬಿಟ್ಟು ಇಳಿಯಬೇಡಿ. ಅಂಗೈ ಎತ್ತರವೂ ಇಲ್ಲದ ಆ ಗಿಡಗಳನ್ನು ತುಳಿದರೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು.

ಸಹಿ, ಅಂಚೆ, ಆಮೇಲೆ ಅಪೊಸ್ಟೀಲ್

ಮಾತು ಕೊಟ್ಟಾಯಿತು, ಉಂಗುರವೋ ತಾಳಿಯೋ ಆಯಿತು. ಇನ್ನು ಲೈಸೆನ್ಸ್ ತೆಗೆದು ಸಹಿ ಮಾಡಿ. ಗಾಳಿಗೆ ಹಾರದಂತೆ ಒಂದು ಗಟ್ಟಿ ರಟ್ಟು, ಎರಡು ಪೆನ್ನು ಜೊತೆಗಿರಲಿ. ಚಳಿಗೆ ಪೆನ್ನು ಬರೆಯದೆ ಹೋಗುವುದೂ ಉಂಟು. ನಾನು ಕಂಡ ಒಂದು ಜೋಡಿ ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು, ಎಂಜಿನ್ನಿನ ಬಿಸಿಗೆ ಪೆನ್ನು ಕಾಯಿಸಿ ಸಹಿ ಹಾಕಿತ್ತು. ಪುರೋಹಿತರ ಸಹಿಯ ಜಾಗದಲ್ಲೂ ನಿಮ್ಮದೇ ಸಹಿ.

ಆ ಕಾಗದವನ್ನು ಮದುವೆಯಾದ 63 ದಿನದೊಳಗೆ ಲೈಸೆನ್ಸ್ ಕೊಟ್ಟ ಕಚೇರಿಗೇ ಮರಳಿಸಬೇಕು. ಅಂಚೆಯಲ್ಲೂ ಕಳಿಸಬಹುದು. ತಡವಾದರೆ ದಂಡ. ಮಧುಚಂದ್ರದ ಸೂಟ್‌ಕೇಸಿನ ತಳದಲ್ಲಿ ಇದನ್ನು ಮರೆತು ಮನೆಗೆ ತಂದವರನ್ನು ನಾನು ಬಲ್ಲೆ. ಕೌಂಟಿ ಕಚೇರಿ ಹತ್ತಿರವೇ ಇದ್ದರೆ ಮುಂದಿನ ಕೆಲಸದ ದಿನವೇ ಕೈಯಾರೆ ಕೊಟ್ಟು ಬನ್ನಿ. ಅದು ದಾಖಲಾದ ಮೇಲೆ ದೃಢೀಕೃತ ಪ್ರತಿಗಳನ್ನು ಕೇಳಿ, ಒಂದೆರಡು ಹೆಚ್ಚೇ ತೆಗೆಸಿಕೊಳ್ಳಿ.

ಭಾರತದಲ್ಲಿ ತೋರಿಸಲು ಆ ಪ್ರತಿಗೆ ಅಪೊಸ್ಟೀಲ್, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಮುದ್ರೆ ಬೇಕಾಗುತ್ತದೆ. ಕೊಲರಾಡೊ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಅದನ್ನು ಹಾಕಿಕೊಡುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿನ ಪ್ರಜೆಯನ್ನು ಮದುವೆಯಾಗುವವರು, ಊರಿನಲ್ಲಿ ಮತ್ತೆ ಶಾಸ್ತ್ರೋಕ್ತವಾಗಿ ಮದುವೆಯಾಗಿ ಇಲ್ಲೂ ನೋಂದಾಯಿಸಬೇಕೆಂದಿರುವವರು ಮೊದಲೇ ವಕೀಲರನ್ನು ಕಾಣಿ. ಎರಡು ದೇಶದ ಕಾಗದಗಳಲ್ಲಿ ಎರಡು ಮದುವೆ ದಿನಾಂಕ ಬಿದ್ದರೆ ಯಾವುದನ್ನು ಎಲ್ಲಿ ಬರೆಯಬೇಕು ಎಂಬುದು ಅರ್ಜಿ ತುಂಬುವಾಗ ಕಾಡುತ್ತದೆ. ವಾರ್ಷಿಕೋತ್ಸವ ಎರಡು ಸಲ ಬರುತ್ತದೆ ಅನ್ನುವುದೇನೋ ನಿಜ, ವೀಸಾ ಅರ್ಜಿಯಲ್ಲಿ ಮಾತ್ರ ಒಂದೇ ಖಾನೆ ಇರುತ್ತದೆ.