ಡ್ರಮ್ಮಿಗೊಂದು ತೂತು ಕೊರೆದು ಶುರುವಾಗುವ ಜಲ ಎಂಜಿನಿಯರಿಂಗ್ ಪಾಠ

ಪದವಿಯ ಆರಂಭದಲ್ಲಿರುವ ವಿದ್ಯಾರ್ಥಿಗಳಿಗೆ ನೀರಿನ ಹರಿವನ್ನು ನಾನು ಬೋರ್ಡಿನ ಮೇಲೆ ಶುರು ಮಾಡುವುದಿಲ್ಲ. 40 ಸೆಂ.ಮೀ. ಎತ್ತರದ ತೆಳು ಪ್ಲಾಸ್ಟಿಕ್ ಡ್ರಮ್ಮಿಗೆ ತಳದಿಂದ 5 ಸೆಂ.ಮೀ. ಮೇಲೆ 10 ಮಿ.ಮೀ. ತೂತು ಕೊರೆಸುತ್ತೇನೆ. ಅಲ್ಲಿಂದ 30 ಸೆಂ.ಮೀ. ಮೇಲೆ ಹೆಚ್ಚಿನ ನೀರು ಚೆಲ್ಲಿಹೋಗಲು ಅಗಲವಾದ ಕಿಂಡಿ. ನಲ್ಲಿ ಬಿಟ್ಟೇ ಇದ್ದರೆ ನೀರಿನ ಮಟ್ಟ ಕದಲುವುದಿಲ್ಲ. ಧಾರೆ ನೇರ ಬಿದ್ದು ನೀರು ಕಲಕದಂತೆ ನಲ್ಲಿಯ ಪೈಪಿನ ಬಾಯಿಗೆ ಸ್ಪಂಜು ಕಟ್ಟಬೇಕು. ಕೊರೆದ ತೂತಿನ ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ತೆಗೆಯಲೇಬೇಕು. ವ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ, ಅರ್ಧ ಮಿ.ಮೀ. ತಪ್ಪಿದರೂ ವಿಸ್ತೀರ್ಣದಲ್ಲಿ ಶೇ. 10ರಷ್ಟು ತಪ್ಪುತ್ತದೆ.

ನೀರು ಬಿಡುವ ಮೊದಲೇ, ತೂತಿನ ಧಾರೆಯಿಂದ 5 ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಪ್ರತಿಯೊಬ್ಬರೂ ಲೆಕ್ಕ ಹಾಕಿ ಬರೆದಿಡಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ತೂತಿನ ಮೇಲಿರುವ ನೀರಿನ ಎತ್ತರದಿಂದ ಧಾರೆಯ ವೇಗ ಹೇಳುವ ಟಾರಿಚೆಲ್ಲಿಯ ಸೂತ್ರದಂತೆ ವೇಗ ಸೆಕೆಂಡಿಗೆ 2.43 ಮೀಟರ್, ಸಮಯ ಸುಮಾರು 26 ಸೆಕೆಂಡ್. ಸ್ಟಾಪ್‌ವಾಚ್ ತೋರಿಸುವುದು 43ರ ಆಸುಪಾಸು! ಆಗ ಧಾರೆಯನ್ನು ಹತ್ತಿರದಿಂದ ನೋಡಿಸುತ್ತೇನೆ. ತೂತಿನಿಂದ 5 ಮಿ.ಮೀ. ಆಚೆ ಅದು ಸುಮಾರು 8 ಮಿ.ಮೀ.ಗೆ ಸಣ್ಣಗಾಗಿ, ಗಾಜಿನ ಕಡ್ಡಿಯಷ್ಟು ನುಣುಪಾಗಿ ಕಾಣುತ್ತದೆ. ಅಂಚಿನ ಸುತ್ತಲಿಂದ ನುಗ್ಗಿ ಬರುವ ನೀರು ಥಟ್ಟನೆ ತಿರುಗಲಾರದು, ಧಾರೆ ಕುಗ್ಗುವುದು ಅದಕ್ಕೇ. ಡಿಸ್ಚಾರ್ಜ್ ಗುಣಾಂಕ (ನಿಜವಾದ ಹರಿವು ಲೆಕ್ಕದ ಹರಿವಿನ ಎಷ್ಟು ಪಾಲು ಎಂಬುದು) 0.61 ಎಂಬ ಅಂಕಿ ಎಲ್ಲಿಂದ ಬಂತೆಂದು ಆಮೇಲೆ ಬಾಯಿಪಾಠ ಮಾಡಿಸಬೇಕಿಲ್ಲ.

ಮುಂದಿನ ಪ್ರಶ್ನೆ: ತೂತಿಗೆ 3 ಸೆಂ.ಮೀ. ಉದ್ದದ ಕೊಳವೆ ಸಿಕ್ಕಿಸಿದರೆ ಹರಿವು ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ಘರ್ಷಣೆ ಸೇರಿತಲ್ಲ, ಕಡಿಮೆಯಾಗುತ್ತದೆ ಎಂದೇ ಹೆಚ್ಚಿನವರ ಊಹೆ. ಅದೇ ಎತ್ತರದಲ್ಲಿ ಇನ್ನೊಂದು ತೂತು ಮಾಡಿ, 10 ಮಿ.ಮೀ. ಒಳವ್ಯಾಸದ ಕೊಳವೆಯನ್ನು ಅಂಟಿಸಿ, ಮೊದಲಿನದನ್ನು ಬಿರಡೆಯಿಂದ ಮುಚ್ಚಿದರೆ 5 ಲೀಟರ್ ಸುಮಾರು 33 ಸೆಕೆಂಡಿನಲ್ಲೇ ತುಂಬುತ್ತದೆ. ಕುಗ್ಗಿದ ಧಾರೆಯ ಸುತ್ತ ಒತ್ತಡ ವಾತಾವರಣದ್ದಕ್ಕಿಂತ ಇಳಿದು ನೀರನ್ನು ಸೆಳೆಯುತ್ತದೆ, ಗುಣಾಂಕ 0.8ರ ಹತ್ತಿರ ಬರುತ್ತದೆ. ಇಡೀ ಪಾಠದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಈ ಭಾಗ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಕೊಳವೆ ಡ್ರಮ್ಮಿನ ಒಳಕ್ಕೆ ಚಾಚಿಕೊಂಡಿದ್ದರೆ ಗುಣಾಂಕ ಇಳಿಯುತ್ತದೆ, ಒಳಗೋಡೆಗೆ ಸಮವಾಗಿ ಕತ್ತರಿಸಬೇಕು. ಕೆಲವೊಮ್ಮೆ ಧಾರೆ ಗೋಡೆ ಮುಟ್ಟದೆ ನಡುವಿನಿಂದಲೇ ಹಾರಿಹೋಗುತ್ತದೆ. ಆಗ ಸಮಯ ಮತ್ತೆ 43ಕ್ಕೆ ಹೋಗುತ್ತದೆ. ಬಾಯನ್ನು ಬೆರಳಿನಿಂದ ಕ್ಷಣಕಾಲ ಮುಚ್ಚಿ ಬಿಟ್ಟರೆ ಕೊಳವೆ ತುಂಬಿ ಹರಿಯುತ್ತದೆ.

ಕೊನೆಗೆ ಅದೇ ಒಳವ್ಯಾಸದ 10 ಮೀಟರ್ ಹೋಸ್. ಈಗ ಘರ್ಷಣೆಯದೇ ಕಾರುಬಾರು, 5 ಲೀಟರಿಗೆ ಮೂರು ನಿಮಿಷದ ಹತ್ತಿರ. ಹೋಸಿನ ತುದಿ ತೂತಿನ ಮಟ್ಟದಲ್ಲೇ ಇರಬೇಕು, ಕೆಳಗೆ ಜೋತುಬಿದ್ದರೆ ಹೆಡ್, ಅಂದರೆ ನೀರನ್ನು ತಳ್ಳುವ ಮಟ್ಟಗಳ ಅಂತರ, ಹೆಚ್ಚಿ ಲೆಕ್ಕ ಕೆಡುತ್ತದೆ. ನಡುವೆ ಎಲ್ಲಾದರೂ ಉಬ್ಬಿದ್ದರೆ ಗಾಳಿ ಸಿಕ್ಕಿಕೊಂಡು ಹರಿವು ಇನ್ನಷ್ಟು ಇಳಿಯುತ್ತದೆ. ಆ ಗುಳ್ಳೆ ಕಣ್ಣಿಗೆ ಬೀಳಲೆಂದೇ ಪಾರದರ್ಶಕ ಹೋಸ್ ತರಿಸುತ್ತೇನೆ.