ಟೈಮಿಂಗ್ ಬೆಲ್ಟ್ ನಾನೇ ಬದಲಾಯಿಸಿದ್ದು: ಸಡಿಲ ಯಾವ ಕಡೆ ಇರಬೇಕು?

ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ ಕ್ರ್ಯಾಂಕ್, ವಾಲ್ವ್‌ಗಳನ್ನು ತೆರೆಯುವ ಮೇಲಿನ ದಂಡ ಕ್ಯಾಮ್. ಇವೆರಡನ್ನೂ ಜೋಡಿಸಿ ಒಂದೇ ಲೆಕ್ಕದಲ್ಲಿ ತಿರುಗಿಸುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಬಿಚ್ಚಿ ನೋಡಿದಾಗ ಹಳೇ ಬೆಲ್ಟ್ ಚೆನ್ನಾಗಿಯೇ ಕಾಣುತ್ತಿತ್ತು. ಬಿರುಕಿರಲಿಲ್ಲ, ಹಲ್ಲು ಸವೆದಿರಲಿಲ್ಲ. ಆದರೂ ಬದಲಾಯಿಸಿದೆ. ಟೈಮಿಂಗ್ ಬೆಲ್ಟ್‌ನ ಆಯಸ್ಸು ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ರಬ್ಬರಿನ ಒಳಗೆ ಗಾಜಿನ ನಾರಿನ ಎಳೆಗಳಿರುತ್ತವೆ. ಎಳೆತವನ್ನೆಲ್ಲ ತಡೆದುಕೊಳ್ಳುವುದು ಅವೇ. ಅವು ಒಳಗೊಳಗೇ ದಣಿದಿದ್ದರೂ ಮೇಲಿನ ರಬ್ಬರ್ ನುಣ್ಣಗೇ ಇರುತ್ತದೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಜೊತೆಗೆ ವರ್ಷದ ಲೆಕ್ಕವನ್ನೂ ಕೊಟ್ಟಿರುತ್ತಾರೆ. ಬಹಳಷ್ಟು ಕಾರುಗಳಿಗೆ 60,000ದಿಂದ 1,00,000 ಕಿಲೋಮೀಟರ್, ಕೆಲವಕ್ಕೆ ಅದಕ್ಕಿಂತ ಜಾಸ್ತಿ. ನನ್ನ ಕಾರು ಓಡಿದ್ದು ಕಡಿಮೆ, ಆದರೆ ವರ್ಷ ಮುಗಿದಿತ್ತು.

ನನ್ನದು ಪೆಟ್ರೋಲ್ ಇಂಜಿನ್, ನಾಲ್ಕು ಸಿಲಿಂಡರ್, ಮೇಲೆ ಒಂದೇ ಕ್ಯಾಮ್. ಇಂಟರ್‌ಫಿಯರೆನ್ಸ್ ಜಾತಿಯದು. ಅಂದರೆ ಬೆಲ್ಟ್ ಹರಿದರೆ ತೆರೆದುಕೊಂಡ ವಾಲ್ವ್‌ಗಳಿಗೆ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬಗ್ಗಿದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಲೇಬೇಕು. ಇಂಥ ಇಂಜಿನ್ನಿಗೆ 'ಇನ್ನೊಂದು ವರ್ಷ ನೋಡೋಣ' ಅನ್ನುವ ಮಾತು ಸರಿಹೋಗುವುದಿಲ್ಲ.

ಬೆಲ್ಟ್ ಒಂದನ್ನೇ ತಂದು ಹಾಕುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್, ಬೆಲ್ಟಿಗೆ ದಾರಿ ಹಿಡಿಸುವ ರೋಲರ್ ಐಡ್ಲರ್, ಕೂಲಂಟ್ ಸುತ್ತಿಸುವ ವಾಟರ್ ಪಂಪ್ ಎಲ್ಲ ಒಟ್ಟಿಗೇ ತಂದೆ. ನನ್ನ ಕಾರಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಆರು ತಿಂಗಳಿಗೆ ಪಂಪ್ ಸೋರಿದರೆ ಮತ್ತೆ ಇಷ್ಟೂ ಬಿಚ್ಚಬೇಕು, ಅಲ್ವಾ? ಹಳೇ ಟೆನ್ಶನರ್‌ನ ರೋಲರನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿ ನೋಡಿದೆ. ಗರಗರ ಅಂತ ಒಣ ಸದ್ದು, ತಡೆಯೇ ಇಲ್ಲದ ಹಾಗೆ ಸುತ್ತುತ್ತಲೇ ಇತ್ತು. ಒಳಗಿನ ಗ್ರೀಸ್ ಒಣಗಿಹೋಗಿತ್ತು. ಹೊಸದು ಸ್ವಲ್ಪ ಗಟ್ಟಿ, ಬಿಟ್ಟ ಕಡೆಯೇ ನಿಲ್ಲುತ್ತದೆ, ಸದ್ದಿಲ್ಲ.

ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೊಂದು ಕಾರಿಗೆ ಒಂದೊಂದು ಥರ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿಯ ನೆಗೆಟಿವ್ ತೆಗೆದೆ, ಕೂಲಂಟ್ ಇಳಿಸಿದೆ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ, ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಲಿಲ್ಲ. ಬೆಲ್ಟ್ ಇರುವ ಕಡೆ ಇಂಜಿನ್ನನ್ನು ಹಿಡಿದಿಡುವ ಮೌಂಟ್ ಬಿಚ್ಚಬೇಕಿತ್ತು, ಹಾಗಾಗಿ ಆಯಿಲ್ ಪ್ಯಾನ್ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜಾಕ್ ಕೊಟ್ಟೆ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದೆ. ಅವು ಇಲ್ಲದಿದ್ದರೆ ಇಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ, ಎಲ್ಲಾದರೂ ತಡೆ ಬಂದರೆ ಕೂಡಲೇ ಗೊತ್ತಾಗುತ್ತದೆ.

ನಿಜವಾಗಿ ಬೆವರಿಳಿಸಿದ್ದು ಕ್ರ್ಯಾಂಕ್ ಪುಲಿಯ ಬೋಲ್ಟ್. ಸ್ಪ್ಯಾನರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಹೊಡೆದು ಸಡಿಲ ಮಾಡುವ ಉಪಾಯ ಹೇಳುವವರಿದ್ದಾರೆ. ನಾನಂತೂ ಅದರ ಹತ್ತಿರ ಹೋಗಲ್ಲ. ಸ್ಪ್ಯಾನರ್ ಜಾರಿದರೆ ಎಲ್ಲಿಗೆ ಹಾರುತ್ತದೋ ಯಾರಿಗೆ ಗೊತ್ತು? ಟಾಪ್ ಗೇರ್‌ಗೆ ಹಾಕಿ, ಒಳಗೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ, ಉದ್ದನೆಯ ಬ್ರೇಕರ್ ಬಾರ್ ಹಾಕಿದೆ. ಟಕ್ ಅಂತ ಬಿಟ್ಟುಕೊಂಡಿತು. ಕ್ಯಾಮ್ ಲಾಕ್ ಮಾಡುವ ಪಿನ್ ಹಾಕಿ ಈ ಬೋಲ್ಟ್ ಬಿಚ್ಚಲು ಹೋಗಬಾರದು. ಆ ಪಿನ್ ಇರುವುದು ಜಾಗ ಹಿಡಿಯಲು, ಬಲ ತಡೆಯಲು ಅಲ್ಲ.

ಬೋಲ್ಟ್ ಸಡಿಲವಾದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು, ಪುಲಿ ತೆಗೆದು, ಮೊದಲನೇ ಸಿಲಿಂಡರನ್ನು ಕಂಪ್ರೆಶನ್ ಸ್ಟ್ರೋಕ್‌ನ ತುದಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗಕ್ಕೆ) ತಂದು, ಪುಲಿಗಳ ಮೇಲಿನ ಮಾರ್ಕನ್ನು ಇಂಜಿನ್ ಮೇಲಿನ ಮಾರ್ಕಿಗೆ ಕೂಡಿಸಿದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಕ್ರ್ಯಾಂಕ್ ಮಾರ್ಕ್ ಕೂಡಿದ ಮಾತ್ರಕ್ಕೆ ಏನೂ ಖಾತ್ರಿಯಿಲ್ಲ, ಕ್ಯಾಮ್ ಮಾರ್ಕೂ ಕೂಡಬೇಕು. ಹೊರಗಿನ ಪುಲಿಯ ಮಾರ್ಕನ್ನು ನಾನು ನಂಬುವುದಿಲ್ಲ. ಎಷ್ಟೋ ಪುಲಿಗಳಲ್ಲಿ ನಡುವೆ ರಬ್ಬರ್ ಬಳೆ ಇರುತ್ತದೆ, ಅದು ಹಳತಾದರೆ ಹೊರ ಉಂಗುರ ಜರುಗಿರಬಹುದು. ಒಳಗಿನ ಹಲ್ಲಿನ ಪುಲಿಯ ಮಾರ್ಕ್ ನೋಡಿಕೊಂಡು ಕ್ರ್ಯಾಂಕ್, ಕ್ಯಾಮ್ ಎರಡರ ಮಾರ್ಕಿಗೂ ಬಿಳಿ ಪೇಂಟ್ ಚುಕ್ಕೆ ಇಟ್ಟೆ. ಒಂದು ಹಲ್ಲು ತಪ್ಪಿದರೆ ಏನು ಮಹಾ ಅನ್ನಿಸಬಹುದು. ಕ್ರ್ಯಾಂಕ್ ಪುಲಿಗೆ 20 ಹಲ್ಲಿದ್ದರೆ ಒಂದು ಹಲ್ಲಿಗೆ 18 ಡಿಗ್ರಿ. ಇಂಜಿನ್ನಿಗೆ ಅದು ಸಣ್ಣದಲ್ಲ.

ಹಳೇ ಬೆಲ್ಟ್ ಜಾರಿಸಿ ತೆಗೆದ ಕೂಡಲೇ ಕ್ಯಾಮ್ ಪುಲಿ ಅರ್ಧ ಹಲ್ಲಿನಷ್ಟು ತಾನೇ ಜರುಗಿತು. ಇದು ವಾಲ್ವ್ ಸ್ಪ್ರಿಂಗ್‌ಗಳ ಕೆಲಸ, ಗಾಬರಿ ಬೇಡ. ಬೆಲ್ಟ್ ಹಾಕುವಾಗ ಸ್ಪ್ಯಾನರ್ ಹಿಡಿದು ಅಷ್ಟೇ ವಾಪಸ್ ತಂದರೆ ಸಾಕು. ಬೆಲ್ಟ್ ಇಲ್ಲದಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ನೆ ತಿರುಗಿಸುವಂತಿಲ್ಲ.

ಇಡೀ ಕೆಲಸದ ಜೀವ ಇರುವುದು ಇಲ್ಲಿಂದ ಮುಂದೆ. ಬೆಲ್ಟ್ ಎದುರು ನಿಂತು ನೋಡಿದರೆ ನನ್ನ ಇಂಜಿನ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಹಾಗೆ ತಿರುಗುವಾಗ ಕೆಳಗಿನ ಕ್ರ್ಯಾಂಕ್ ಬೆಲ್ಟನ್ನು ಬಲಗಡೆಯಿಂದ ಎಳೆದುಕೊಳ್ಳುತ್ತದೆ, ಎಡಗಡೆಗೆ ಬಿಟ್ಟುಕೊಡುತ್ತದೆ. ಟೆನ್ಶನರ್ ಇರುವುದು ಎಡಗಡೆ. ಹಾಗಾಗಿ ಇರುವ ಸಡಿಲವೆಲ್ಲ ಎಡಗಡೆಗೇ ಬರಬೇಕು. ಬಲಗಡೆ ಒಂದಿಷ್ಟು ಸಡಿಲ ಉಳಿದರೂ ಟೆನ್ಶನರ್ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇಂಜಿನ್ ತಿರುಗಿಸಿದಾಗ ಕ್ರ್ಯಾಂಕ್ ಮೊದಲು ಆ ಸಡಿಲವನ್ನು ಎಳೆದುಕೊಂಡು ಆಮೇಲೆ ಕ್ಯಾಮನ್ನು ತಿರುಗಿಸುತ್ತದೆ. ಮಾರ್ಕ್ ತಪ್ಪುತ್ತದೆ, ಬಿಗಿಯೂ ಕಡಿಮೆಯಾಗುತ್ತದೆ.

ಅದಕ್ಕೇ ಕ್ರ್ಯಾಂಕ್ ಪುಲಿಯಿಂದ ಶುರು ಮಾಡಿ, ಬಲಗಡೆ ಬೆಲ್ಟನ್ನು ಹೆಬ್ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಮೇಲೆ ಕ್ಯಾಮ್‌ಗೆ ಕೂರಿಸಿದೆ. ಹಲ್ಲು ಕೂರದಿದ್ದರೆ ಕ್ಯಾಮನ್ನು ಕೂದಲೆಳೆಯಷ್ಟು ಆಚೀಚೆ ಮಾಡಬೇಕೇ ಹೊರತು ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಬೆಲ್ಟನ್ನು ಮಡಿಸುವಂತೆಯೂ ಇಲ್ಲ, ಒಳಗಿನ ಎಳೆ ಮುರಿದರೆ ಹೊಸ ಬೆಲ್ಟೇ ಹಳೆಯದಾದಂತೆ. ಆಮೇಲೆ ವಾಟರ್ ಪಂಪ್, ಕೊನೆಗೆ ಟೆನ್ಶನರ್.

ನನ್ನ ಟೆನ್ಶನರ್‌ನಲ್ಲಿ ಒಂದು ಪಾಯಿಂಟರ್ ಇದೆ, ಅದು ಒಂದು ಕಚ್ಚಿನ ಎದುರು ನಿಲ್ಲಬೇಕು. ನಡುವಿನ ಬೋಲ್ಟ್ ಸಡಿಲ ಬಿಟ್ಟು, ಅಲನ್ ಕೀ ಹಾಕಿ, ಪಾಯಿಂಟರ್ ಕಚ್ಚು ದಾಟುವವರೆಗೆ ಬಿಗಿ ಮಾಡಿ, ನಿಧಾನವಾಗಿ ವಾಪಸ್ ಕಚ್ಚಿಗೆ ತಂದೆ. ಬೋಲ್ಟ್ ಬಿಗಿಯುವಾಗ ಟೆನ್ಶನರ್ ಕೂಡ ಅದರ ಜೊತೆಗೇ ತಿರುಗಲು ನೋಡುತ್ತದೆ. ಪಾಯಿಂಟರ್ ಕಣ್ಣೆದುರೇ ಸರಿಯುತ್ತದೆ. ಒಂದು ಕೈಯಲ್ಲಿ ಅಲನ್ ಕೀ ಅಲ್ಲಾಡದಂತೆ ಹಿಡಿದು, ಇನ್ನೊಂದರಲ್ಲಿ ಬೋಲ್ಟ್ ಬಿಗಿದು, ಆಮೇಲೆ ಟಾರ್ಕ್ ರೆಂಚ್ ಹಾಕಿದೆ. ಬೆಲ್ಟನ್ನು ಎರಡು ಬೆರಳಲ್ಲಿ 90 ಡಿಗ್ರಿ ತಿರುಚಿ ಬಿಗಿ ನೋಡುವುದು ಹಳೇ ಕಾರುಗಳ ಅಂದಾಜು. ಪಾಯಿಂಟರ್ ಇರುವ ಕಡೆ ಪಾಯಿಂಟರ್ ಮಾತೇ ಕೇಳಬೇಕು. ತಣ್ಣಗಿದ್ದಾಗಲೇ ಬಿಗಿ ಮಾಡುವುದಕ್ಕೂ ಕಾರಣವಿದೆ. ಇಂಜಿನ್ ಬಿಸಿಯಾದರೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಪುಲಿಗಳ ನಡುವಿನ ಅಂತರ ಜಾಸ್ತಿಯಾಗಿ ಬೆಲ್ಟ್ ತಾನೇ ಬಿಗಿಯುತ್ತದೆ.

ಆಮೇಲೆ ಕೈಯಲ್ಲೇ, ಇಂಜಿನ್ ತಿರುಗುವ ದಿಕ್ಕಿನಲ್ಲೇ, ಪೂರ್ತಿ ಎರಡು ಸುತ್ತು. ಮಾರ್ಕ್‌ಗಳೆಲ್ಲ ಮತ್ತೆ ಕೂಡಿದವು. ಪಾಯಿಂಟರ್ ಮಾತ್ರ ಕಚ್ಚಿನಿಂದ ತುಸು ಹಿಂದೆ ಬಂದಿತ್ತು. ಹೊಸ ಬೆಲ್ಟ್ ಪುಲಿಗಳ ಮೇಲೆ ಸರಿಯಾಗಿ ಕೂತಾಗ ಹೀಗಾಗುತ್ತದೆ. ಬೋಲ್ಟ್ ಬಿಟ್ಟು ಮತ್ತೆ ಕಚ್ಚಿಗೆ ತಂದು, ಮತ್ತೆ ಎರಡು ಸುತ್ತು ತಿರುಗಿಸಿದೆ. ಈ ಸಲ ಪಾಯಿಂಟರ್ ಅಲ್ಲೇ ನಿಂತಿತು. ಸುತ್ತಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಲೇಬಾರದು, ವಾಲ್ವ್ ಪಿಸ್ಟನ್ನಿಗೆ ತಾಗಿರುತ್ತದೆ.

ಎಲ್ಲ ವಾಪಸ್ ಜೋಡಿಸಿ, ಕೂಲಂಟ್ ತುಂಬಿ, ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಸೀಟಿಯಂಥ ಕೀರಲು ಸದ್ದು ಬಂದರೆ ಬೆಲ್ಟ್ ಅತಿ ಬಿಗಿ. ಹಾಗೇ ಬಿಟ್ಟರೆ ಪಂಪ್ ಮತ್ತು ರೋಲರ್‌ಗಳ ಬೇರಿಂಗ್ ಹೋಗುತ್ತದೆ. ಕವರಿಗೆ ಪಟಪಟ ಬಡಿದರೆ ಸಡಿಲ, ಹಲ್ಲು ಹಾರುವ ಭಯ. ಎರಡೂ ಇರಲಿಲ್ಲ. ಇಂಜಿನ್ ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ ಕೂಲಂಟ್ ಸ್ವಲ್ಪ ಇಳಿದಿತ್ತು, ಗಾಳಿ ಹೋಗಿ ಜಾಗ ಬಿಟ್ಟಿತ್ತು, ತುಂಬಿದೆ. ಬೆಲ್ಟ್ ಕವರಿನ ಮೇಲೆ ತಾರೀಖು, ಕಿಲೋಮೀಟರ್ ಎರಡನ್ನೂ ಪೇಂಟ್ ಪೆನ್ನಲ್ಲಿ ಬರೆದಿಟ್ಟಿದ್ದೇನೆ.