ಬೋಡಿಗೆ ಹೊರಟಿದ್ದೀರಾ? ಬುತ್ತಿ ಕಟ್ಟಿಕೊಳ್ಳಿ

ಕ್ಯಾಲಿಫೋರ್ನಿಯಾದ ಪೂರ್ವಕ್ಕೆ, ನೆವಾಡ ಗಡಿಯ ಹತ್ತಿರ, ಬೋಡಿ ಅಂತ ಒಂದು ಹಾಳೂರಿದೆ. 1859ರಲ್ಲಿ ಇಲ್ಲಿ ಚಿನ್ನ ಕಂಡ ವಾಟರ್‌ಮನ್ ಬಾಡಿ ಆ ಚಳಿಗಾಲದಲ್ಲೇ ಹಿಮದ ಬಿರುಗಾಳಿಗೆ ಸಿಕ್ಕಿ ಸತ್ತ. 1880ರ ಹೊತ್ತಿಗೆ ಇಲ್ಲಿ ಎಂಟು-ಹತ್ತು ಸಾವಿರ ಜನರಿದ್ದರು. ಈಗ ಉಳಿದಿರುವುದು ನೂರು ಚಿಲ್ಲರೆ ಮರದ ಕಟ್ಟಡ, ಅಷ್ಟೇ.

ಮೊದಲು ತಿಂಗಳು ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಊರು ಸುಮಾರು 8,400 ಅಡಿ ಎತ್ತರದಲ್ಲಿದೆ, ಚಳಿಗಾಲದಲ್ಲಿ ಹಿಮ ಬಿದ್ದರೆ ಕಾರು ಹೋಗುವುದಿಲ್ಲ. ಹಿಂದಿನ ರಾತ್ರಿ ಲೀ ವೈನಿಂಗ್ ಅಥವಾ ಬ್ರಿಡ್ಜ್‌ಪೋರ್ಟ್‌ನಲ್ಲಿ ಉಳಿದು, ಅಲ್ಲೇ ಕಾರಿಗೆ ಪೆಟ್ರೋಲ್ ತುಂಬಿಸಿ, ಊಟ ಕಟ್ಟಿಕೊಂಡು ಬೆಳಿಗ್ಗೆ ಬೇಗ ಹೊರಡಿ. ಬೋಡಿಯಲ್ಲಿ ಎರಡೂ ಸಿಗಲ್ಲ. ನಾನು ಮೊದಲ ಸಲ ಒಂದು ಪೊಟ್ಟಣ ಚಕ್ಕುಲಿ ನಂಬಿಕೊಂಡು ಹೋಗಿ, ಹನ್ನೆರಡು ಗಂಟೆಗೇ ಪಕ್ಕದ ಕುಟುಂಬದ ಸ್ಯಾಂಡ್‌ವಿಚ್ ನೋಡುತ್ತಾ ಕೂತಿದ್ದೆ.

395ನೇ ಹೆದ್ದಾರಿಯಿಂದ 270ಕ್ಕೆ ತಿರುಗಿ. ಅಲ್ಲಿಂದ 21 ಕಿ.ಮೀ., ಅದರಲ್ಲಿ ಕೊನೆಯ ಐದು ಕಿ.ಮೀ. ಮಣ್ಣಿನ ರಸ್ತೆ. ನಿಧಾನಕ್ಕೆ ಹೋದರೆ ಸಾದಾ ಕಾರು ಸಾಕು, ಬೆನ್ನು ಮಾತ್ರ ಸ್ವಲ್ಪ ಬೈದುಕೊಳ್ಳುತ್ತೆ. ಗೇಟಿನಲ್ಲಿ ಟಿಕೆಟ್ ಜೊತೆ ಪುಟ್ಟ ಕೈಪಿಡಿಯನ್ನೂ ಕೊಳ್ಳಿ. ಮನೆಗಳ ಮುಂದೆ ಬರೀ ನಂಬರ್ ಇರುತ್ತದೆ, ಯಾರ ಮನೆ, ಏನಾಯ್ತು ಅನ್ನೋದೆಲ್ಲ ಅದರಲ್ಲೇ ಇದೆ.

ಇನ್ನು ನೋಡುವ ಬಗೆ. ಹೆಚ್ಚಿನ ಮನೆಗಳಿಗೆ ಬೀಗ ಹಾಕಿರುತ್ತಾರೆ. ಕಿಟಕಿಗೆ ಮೂಗು ಒತ್ತಿ, ಕಣ್ಣಿನ ಎರಡೂ ಕಡೆ ಅಂಗೈ ಅಡ್ಡ ಇಟ್ಟು, ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಕತ್ತಲಿಗೆ ಕಣ್ಣು ಹೊಂದಿದ ಮೇಲೆ ಒಂದೊಂದೇ ಸಾಮಾನು ಕಾಣತೊಡಗುತ್ತದೆ: ಶಾಲೆಯಲ್ಲಿ ಗೋಳ, ಬೆಂಚು, ಕಪ್ಪು ಹಲಗೆ, ಅಂಗಡಿಯ ಕಪಾಟಿನಲ್ಲಿ ಸಾಲು ಸಾಲು ಡಬ್ಬಿ, ಎಲ್ಲದರ ಮೇಲೂ ಧೂಳು. 1962ರಲ್ಲಿ ರಾಜ್ಯ ಸರ್ಕಾರ ಇದನ್ನು ಪಾರ್ಕ್ ಮಾಡಿದಾಗಿನಿಂದ ಹೊಸದಾಗಿ ಬಣ್ಣ ಬಳಿದು ಚೆಂದ ಮಾಡುವ ಗೋಜಿಗೆ ಹೋಗಿಲ್ಲ, ಇದ್ದದ್ದು ಬೀಳದಂತೆ ಆನಿಕೆ ಕೊಟ್ಟು ನಿಲ್ಲಿಸಿದ್ದಾರೆ. ನನಗಂತೂ ಅದೇ ಇಷ್ಟ.

ಗುಡ್ಡದ ಬುಡದಲ್ಲಿ ಅದಿರು ಕುಟ್ಟುತ್ತಿದ್ದ ಸ್ಟ್ಯಾಂಡರ್ಡ್ ಮಿಲ್ ಇದೆ. ಒಳಗೆ ಹೋಗಲು ಬೇರೆ ಟಿಕೆಟ್, ಬೇಸಿಗೆಯಲ್ಲಿ ಗೈಡ್ ಕರೆದುಕೊಂಡು ಹೋಗುತ್ತಾರೆ, ಬಂದ ಕೂಡಲೇ ವಿಚಾರಿಸಿ. ಸುಮಾರು 21 ಕಿ.ಮೀ. ಆಚೆಯ ಹೊಳೆಯಿಂದ ಇಲ್ಲಿಗೆ ಕರೆಂಟ್ ತಂದರು, 1890ರ ದಶಕದಲ್ಲೇ. ತಿರುವಿನಲ್ಲಿ ಕರೆಂಟ್ ಹೊರಗೆ ಚೆಲ್ಲಿಬಿಡುತ್ತೆ ಅಂತ ಹೆದರಿ ತಂತಿಯನ್ನು ನೆಟ್ಟಗೆ ಎಳೆದರು ಅಂತ ಒಂದು ಕಥೆಯಿದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಮ್ಮ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಹರಿದದ್ದು 1902ರಲ್ಲಿ, ಅದೂ 140 ಕಿ.ಮೀ.ಗಿಂತ ಜಾಸ್ತಿ ದೂರ, ಗೊತ್ತಲ್ವಾ?

ಕೊನೆಗೆ ಮ್ಯೂಸಿಯಂ. ಬೋಡಿಯಿಂದ ಮೊಳೆ, ಗಾಜಿನ ಚೂರು ಕದ್ದೊಯ್ದವರು ಕಷ್ಟಕ್ಕೆ ಸಿಕ್ಕಿ, ಇದು ಬೋಡಿಯ ಶಾಪ ಅಂದುಕೊಂಡು, ಕ್ಷಮೆ ಕೇಳಿ ಅವನ್ನು ಅಂಚೆಯಲ್ಲಿ ವಾಪಸ್ ಕಳಿಸಿದ ಕಾಗದಗಳು ಅಲ್ಲಿವೆ, ಓದಿ. ಓದಿದ ಮೇಲೆ, ಕಾರು ಹತ್ತುವ ಮುಂಚೆ, ಮಕ್ಕಳ ಜೇಬು ಒಮ್ಮೆ ತಡಕಿ.